ಇಲಿ ಜ್ವರ (ಲೆಪ್ಟೊಸ್ಪೈರೋಸಿಸ್)

ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾದಿಂದ ಮನುಷ್ಯರಿಗೂ ಪ್ರಾಣಿಗಳಿಗೂ ತಗಲುವ ಸೋಂಕು. ಇಲಿ, ಹೆಗ್ಗಣ, ದನ, ಹಂದಿ, ನಾಯಿಗಳ ಮೂತ್ರಪಿಂಡದಲ್ಲಿ ಈ ಬ್ಯಾಕ್ಟೀರಿಯಾ ನೆಲೆಸಿರುತ್ತದೆ. ಮೂತ್ರದ ಜೊತೆ ಹೊರಬಿದ್ದು ನೀರು, ಕೆಸರಿಗೆ ಸೇರುತ್ತದೆ. ಅಲ್ಲಿಂದ ತರಚಿದ ಅಥವಾ ಹೊತ್ತುಗಟ್ಟಲೆ ನೆನೆದು ಮೆತ್ತಗಾದ ಚರ್ಮದ ಮೂಲಕ, ಇಲ್ಲವೇ ಕಣ್ಣು, ಮೂಗು, ಬಾಯಿಯ ಲೋಳೆಪೊರೆಯ ಮೂಲಕ ಮೈಯೊಳಗೆ ಹೊಗುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನರಿಗೆ ಇದು ತಗಲುತ್ತದೆ, ಸುಮಾರು 59,000 ಮಂದಿ ಸಾಯುತ್ತಾರೆ ಎಂದು 2015ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಭಾರತದಲ್ಲಿ ರೋಗ ಬೇರೂರಿರುವ ರಾಜ್ಯಗಳೆಂದು ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಗುರುತಿಸಿದವುಗಳಲ್ಲಿ ಕೇರಳ, ತಮಿಳುನಾಡು, ಮಹಾರಾಷ್ಟ್ರ, ಗುಜರಾತ್‌ಗಳ ಜೊತೆ ಕರ್ನಾಟಕವೂ ಸೇರಿದೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಈ ಸೋಂಕಿಗೆ ಬೇಕಾದುದೆಲ್ಲ ಒಂದೇ ಕಡೆ ಕೂಡಿಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ, ಗುಡ್ಡದ ಮೇಲೆ ಕಾಫಿ, ಕೆಳಗಿನ ತಗ್ಗಿನಲ್ಲಿ ಅಡಿಕೆ ತೋಟ, ಭತ್ತದ ಗದ್ದೆ, ಮನೆಗೆ ಒತ್ತಿಕೊಂಡ ದನದ ಕೊಟ್ಟಿಗೆ. ನಾಟಿ ಮಾಡುವವರು ದಿನವಿಡೀ ಕೆಸರಿನಲ್ಲಿ ನಿಂತಿರುತ್ತಾರೆ. ಅಡಿಕೆ ತೋಟದ ಬಸಿಗಾಲುವೆ ಬಿಡಿಸುವವರು, ಕೊಟ್ಟಿಗೆಯ ಗೊಬ್ಬರ ಬಾಚುವವರು, ಕಾಫಿಯಲ್ಲಿ ಕಳೆ ತೆಗೆಯುವವರು ಬರಿಗಾಲಲ್ಲೇ ದುಡಿಯುವುದು ಇಂದಿಗೂ ಸಾಮಾನ್ಯ. ಇಂಬಳ ಕಚ್ಚಿದ ಗಾಯ, ಮುಳ್ಳು ಗೀರಿದ ಕಾಲು ಇಲ್ಲಿ ಯಾರೂ ಲೆಕ್ಕಕ್ಕಿಡುವ ವಿಷಯಗಳಲ್ಲ. ಬ್ಯಾಕ್ಟೀರಿಯಾಕ್ಕೆ ಅಷ್ಟೇ ಬಾಗಿಲು ಸಾಕು. ಬಿಸಿಲಿನಲ್ಲೂ ಒಣಗಿದ ನೆಲದಲ್ಲೂ ಅದು ಬೇಗ ಸಾಯುತ್ತದೆ. ನೆರಳಿನ ತಂಪು ತೇವದಲ್ಲಿ ವಾರಗಟ್ಟಲೆ ಬದುಕುತ್ತದೆ.

ಕಾಮಾಲೆ ಮತ್ತು ಮೂತ್ರಪಿಂಡದ ವೈಫಲ್ಯ ಕೂಡಿದ ಈ ಜ್ವರವನ್ನು ಜರ್ಮನಿಯ ಅಡಾಲ್ಫ್ ವೈಲ್ 1886ರಲ್ಲಿ ವರ್ಣಿಸಿದರು. ರೋಗಾಣುವನ್ನು 1915ರ ಸುಮಾರಿಗೆ ಜಪಾನಿನ ರ್ಯೋಕಿಚಿ ಇನಾಡಾ ಮತ್ತು ಯುತಾಕಾ ಇಡೊ ಗುರುತಿಸಿದರು. ಅಲ್ಲಿಗೇ ನಿಲ್ಲದೆ, ಪ್ರಾಣಿಗಳಿಗೆ ರೋಗಾಣು ಚುಚ್ಚಿ ಬೆಳೆಸಿದ ಪ್ರತಿಕಾಯಗಳಿದ್ದ ಸೀರಮ್ಮನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಪ್ರತಿಜೈವಿಕಗಳು ಬರುವ ಮೊದಲೇ ನಡೆದ ಈ ಪ್ರಯೋಗ, ಇಲಿ ಜ್ವರದಲ್ಲಿ ರಕ್ಷಣೆ ಕೊಡುವುದು ಮುಖ್ಯವಾಗಿ ಪ್ರತಿಕಾಯ ಎಂಬ ತಿಳಿವಳಿಕೆಗೆ ಬುನಾದಿಯಾಯಿತು. ಭಾರತದಲ್ಲಿ ಈ ರೋಗದ ಮೊದಲ ವಿವರವಾದ ಅಧ್ಯಯನ 1929ರ ಹೊತ್ತಿಗೆ ಅಂಡಮಾನಿನಲ್ಲಿ ಟೇಲರ್ ಮತ್ತು ಗೋಯಲ್ ಅವರಿಂದ ನಡೆಯಿತು.

ಕಾಲರಾ, ಧನುರ್ವಾಯುಗಳಲ್ಲಿ ರೋಗದ ಹೊಣೆಯನ್ನು ಒಂದು ವಿಷದ ಮೇಲೆ ಹೊರಿಸಬಹುದು. ಲೆಪ್ಟೊಸ್ಪೈರಾದಲ್ಲಿ ಹಾಗೆ ಬೆರಳಿಟ್ಟು ತೋರಿಸಲು ಒಂದೇ ಒಂದು ವಿಷವಿಲ್ಲ. ಅದರ ರೋಗಕಾರಕ ಶಕ್ತಿಯ ಬಹುಪಾಲು ಕಣ್ತಪ್ಪಿಸುವ ಗುಣದಲ್ಲೇ ಇದೆ, ಮತ್ತು ಈ ರೋಗದ ಅಧ್ಯಯನದಲ್ಲಿ ಎಲ್ಲಕ್ಕಿಂತ ಗಮನಾರ್ಹವಾದ ಸಂಗತಿ ಇದೇ. ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ಕೊಬ್ಬು–ಸಕ್ಕರೆಯ ಅಣು ಇರುತ್ತದೆ. ಟೈಫಾಯ್ಡ್ ರೋಗಾಣುವಿನ ಇಂಥ ಅಣುವನ್ನು ನಮ್ಮ ರಕ್ಷಕ ಕೋಶಗಳ ಮೇಲಿರುವ ಟಿಎಲ್‌ಆರ್ 4 ಎಂಬ ಗ್ರಾಹಕ ಕೂಡಲೇ ಗುರುತಿಸಿ ಎಚ್ಚರಿಕೆ ಹೊರಡಿಸುತ್ತದೆ. ಲೆಪ್ಟೊಸ್ಪೈರಾದ ಅಣುವಿನ ರಚನೆ ಬೇರೆ. ಮನುಷ್ಯರ ಟಿಎಲ್‌ಆರ್ 4 ಅದನ್ನು ಕಾಣುವುದೇ ಇಲ್ಲ. ಆದರೆ ಪ್ರಯೋಗಾಲಯದ ಸುಂಡಿಲಿಯ ಟಿಎಲ್‌ಆರ್ 4 ಅದನ್ನು ಗುರುತಿಸುತ್ತದೆ. ಈ ಗ್ರಾಹಕ ಕೆಲಸ ಮಾಡದ ತಳಿಯ ಎಳೆಯ ಸುಂಡಿಲಿಗಳಿಗೆ ಸೋಂಕು ಹಚ್ಚಿದರೆ ಅವೂ ಸಾಯುತ್ತವೆ. ಸೋಂಕನ್ನು ಮೂತ್ರಪಿಂಡದಲ್ಲಿ ಹೊತ್ತ ದಂಶಕಗಳು ಆರಾಮಾಗಿ ಓಡಾಡುವಾಗ, ಅದೇ ಸೋಂಕು ಮನುಷ್ಯನನ್ನು ಹಾಸಿಗೆಗೆ ಬೀಳಿಸುವುದಕ್ಕೆ ಒಂದು ಮುಖ್ಯ ಕಾರಣ ಈ ವ್ಯತ್ಯಾಸದಲ್ಲಿ ಸಿಗುತ್ತದೆ.

ತಪ್ಪಿಸಿಕೊಳ್ಳುವ ಉಪಾಯಗಳು ಇನ್ನೂ ಇವೆ. ಚಲನೆಗೆ ಬೇಕಾದ ಕಶಾಂಗವನ್ನು ಲೆಪ್ಟೊಸ್ಪೈರಾ ಎರಡು ಪೊರೆಗಳ ನಡುವೆ ಅಡಗಿಸಿಟ್ಟಿದೆ. ಹೀಗಾಗಿ ಕಶಾಂಗವನ್ನು ಗುರುತಿಸುವ ಗ್ರಾಹಕಕ್ಕೂ ಅದು ಸಿಗದು. ರಕ್ತದಲ್ಲಿ ಬ್ಯಾಕ್ಟೀರಿಯಾಗಳನ್ನು ಸೀಳಿ ಕೊಲ್ಲುವ ಕಾಂಪ್ಲಿಮೆಂಟ್ ಪ್ರೋಟೀನುಗಳಿಗೆ ಕಡಿವಾಣ ಹಾಕಲೆಂದು ದೇಹವೇ ಇಟ್ಟುಕೊಂಡಿರುವ ಫ್ಯಾಕ್ಟರ್ ಎಚ್ ಎಂಬ ಪ್ರೋಟೀನನ್ನು ಲೆಪ್ಟೊಸ್ಪೈರಾ ತನ್ನ ಮೈಗೆ ಅಂಟಿಸಿಕೊಂಡು ದಾಳಿಯಿಂದ ಪಾರಾಗುತ್ತದೆ. ಹಾಗೆ ಅಂಟಿಸಿಕೊಳ್ಳಲು ನೆರವಾಗುವ ಲಿಗ್ ಪ್ರೋಟೀನುಗಳು ಮಳೆನೀರಿನಲ್ಲಿ ಹೆಚ್ಚು ತಯಾರಾಗುವುದಿಲ್ಲ. ರಕ್ತದಷ್ಟು ಉಪ್ಪಿನಂಶ ಸುತ್ತ ಸಿಕ್ಕಾಗಲೇ ಅವುಗಳ ಉತ್ಪಾದನೆ ಏರುತ್ತದೆ. ಗದ್ದೆಯ ನೀರಿನಿಂದ ಮನುಷ್ಯನ ಮೈಗೆ ಬಂದದ್ದನ್ನು ಅದು ಉಪ್ಪಿನಿಂದಲೇ ಅರಿಯುತ್ತದೆ. ಇದರ ಹೊರಪೊರೆಯಲ್ಲಿ ಅತಿ ಹೇರಳವಾಗಿರುವ ಲಿಪ್‌ಎಲ್ 32 ಪ್ರೋಟೀನೇ ಮುಖ್ಯ ಅಸ್ತ್ರವಿರಬೇಕೆಂದು ಬಹುಕಾಲ ನಂಬಲಾಗಿತ್ತು. ಆ ವಂಶವಾಹಿಯನ್ನು ಕೆಡಿಸಿದ ತಳಿಯೂ ಪ್ರಾಣಿಗಳನ್ನು ಕೊಂದಾಗ, 2009ರಲ್ಲಿ, ಆ ನಂಬಿಕೆ ಬಿದ್ದುಹೋಯಿತು. ಚಲನಶಕ್ತಿ ಕಳೆದುಕೊಂಡ ತಳಿಗಳು ಮಾತ್ರ ರೋಗ ತರಲಾರವು.

ಸೋಂಕು ತಗಲಿದ 5ರಿಂದ 14 ದಿನಗಳಲ್ಲಿ ಸಾಮಾನ್ಯವಾಗಿ ಜ್ವರ ಕಾಣಿಸಿಕೊಳ್ಳುತ್ತದೆ: ತಲೆಸಿಡಿತ, ಪಿಚ್ಚಿಲ್ಲದೆ ಕೆಂಪಾದ ಕಣ್ಣು, ಮುಟ್ಟಿದರೆ ನೋಯುವ ಮೀನಖಂಡ. ಮೊದಲ ವಾರ ಬ್ಯಾಕ್ಟೀರಿಯಾ ರಕ್ತದಲ್ಲಿರುತ್ತದೆ. ಎರಡನೆಯ ವಾರ ಪ್ರತಿಕಾಯಗಳು ಏರುತ್ತಿದ್ದಂತೆ ಅದು ರಕ್ತದಿಂದ ಮರೆಯಾಗುತ್ತದೆ. ಆದರೆ ರೋಗಾಣು ಮೂತ್ರಪಿಂಡದ ನಾಳಗಳಲ್ಲೂ ಕಣ್ಣಿನೊಳಗಿನ ದ್ರವದಲ್ಲೂ ಉಳಿದುಕೊಳ್ಳಬಹುದು. 1993ರ ನೆರೆಯ ನಂತರ ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಗೆ ಕಣ್ಣಿನ ಉರಿಯೂತದಿಂದ ಬಂದ ಅನೇಕರಲ್ಲಿ ಪತ್ತೆಯಾದದ್ದು ಇದೇ ಸೋಂಕು. ಬಹುತೇಕರು ಸುಧಾರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಕಾಮಾಲೆ, ಮೂತ್ರಪಿಂಡದ ವೈಫಲ್ಯ ಬರುತ್ತದೆ; ಶ್ವಾಸಕೋಶದಲ್ಲಿ ರಕ್ತಸ್ರಾವವಾದರೆ ಅರ್ಧಕ್ಕಿಂತ ಹೆಚ್ಚು ರೋಗಿಗಳು ಉಳಿಯದಿರಬಹುದು.

ಪ್ರತಿಕಾಯ ತಡವಾಗಿ ಬರುವುದು ರೋಗಿಯ ಪಾಲಿಗೆ ಮಾತ್ರವಲ್ಲ, ಪರೀಕ್ಷೆಗೂ ತೊಡಕು. ಐಜಿಎಂ ಎಲೈಸಾ ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಪ್ರತಿಕಾಯವನ್ನು. ಐದಾರು ದಿನ ತುಂಬುವ ಮೊದಲು ರಕ್ತ ಕೊಟ್ಟವರಿಗೆ ‘ನೆಗೆಟಿವ್’ ಎಂದು ಬಂದರೆ ರೋಗವಿಲ್ಲವೆಂದು ಅರ್ಥವಲ್ಲ. ಆ ದಿನಗಳಲ್ಲಿ ರಕ್ತದ ಪಿಸಿಆರ್ ಪರೀಕ್ಷೆಯೇ ಸರಿ. ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮಾನದಂಡವೆನಿಸಿದ ಮ್ಯಾಟ್ ಪರೀಕ್ಷೆಯನ್ನು ಮಾರ್ಟಿನ್ ಮತ್ತು ಪೆಟಿಟ್ 1918ರಲ್ಲಿ ರೂಪಿಸಿದರು: ಜೀವಂತ ಲೆಪ್ಟೊಸ್ಪೈರಾಗಳಿಗೆ ರೋಗಿಯ ಸೀರಮ್ ಬೆರೆಸಿ, ಅವು ಗುಂಪುಗಟ್ಟುತ್ತವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎರಡು ವಾರದ ಅಂತರದಲ್ಲಿ ತೆಗೆದ ಎರಡು ಮಾದರಿಗಳ ನಡುವೆ ಪ್ರತಿಕಾಯದ ಮಟ್ಟ ನಾಲ್ಕು ಪಟ್ಟು ಏರಿದ್ದರೆ ಸೋಂಕು ಖಚಿತ. ಅಷ್ಟರಲ್ಲಿ ರೋಗಿ ಒಂದೋ ಗುಣವಾಗಿರುತ್ತಾನೆ, ಇಲ್ಲವೇ ಕೈಮೀರಿರುತ್ತಾನೆ. ಆದ್ದರಿಂದ ಮ್ಯಾಟ್ ಚಿಕಿತ್ಸೆಗಿಂತ ಸಮೀಕ್ಷೆಗೆ ಹೆಚ್ಚು ಉಪಯುಕ್ತ. ಬೆಂಗಳೂರಿನ ಯಲಹಂಕದಲ್ಲಿರುವ, ಪಶುರೋಗಗಳ ಸಾಂಕ್ರಾಮಿಕ ವಿಜ್ಞಾನಕ್ಕೆ ಮೀಸಲಾದ ರಾಷ್ಟ್ರೀಯ ಸಂಸ್ಥೆ ‘ನಿವೇದಿ’ಯಲ್ಲಿ ಜಾನುವಾರುಗಳ ಸೀರಮ್ಮನ್ನು ಹೀಗೆ ಪರೀಕ್ಷಿಸುತ್ತಾರೆ.

ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಜ್ವರವೆಂದರೆ ಒಂದೇ ರೋಗವಲ್ಲ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಗಳಲ್ಲಿ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಾದ ಆ ರೋಗ ಉಣ್ಣೆಯಿಂದ ಹರಡುವ ವೈರಸ್ಸಿನದು; ಅದರ ಕಾಲ ಮುಖ್ಯವಾಗಿ ನವೆಂಬರಿನಿಂದ ಮೇ. ಡೆಂಗಿ ಮಳೆಗಾಲದಲ್ಲೇ ಬರುತ್ತದೆ. ನುಸಿ ಕಡಿತದಿಂದ ಬರುವ ಸ್ಕ್ರಬ್ ಟೈಫಸ್‌ನಲ್ಲಿ ಕಚ್ಚಿದ ಜಾಗದಲ್ಲಿ ಕಪ್ಪು ಹಕ್ಕಳೆ ಕಾಣಬಹುದು. ವೈರಸ್ ರೋಗಗಳಿಗೆ ಪ್ರತಿಜೈವಿಕ ಕೆಲಸ ಮಾಡದು. ಇಲಿ ಜ್ವರಕ್ಕೂ ಸ್ಕ್ರಬ್ ಟೈಫಸ್‌ಗೂ ಡಾಕ್ಸಿಸೈಕ್ಲಿನ್ ಎಂಬ ಒಂದೇ ಅಗ್ಗದ ಮಾತ್ರೆ ನಾಟುತ್ತದೆ. ಹೀಗಾಗಿ ಗದ್ದೆ, ತೋಟದಲ್ಲಿ ದುಡಿದವರಿಗೆ ಮಳೆಗಾಲದಲ್ಲಿ ಜ್ವರ, ಮೀನಖಂಡದ ನೋವು ಬಂದರೆ ವರದಿಗೆ ಕಾಯದೆ ಅನುಮಾನದ ಮೇಲೆಯೇ ಚಿಕಿತ್ಸೆ ಶುರುಮಾಡುವುದು ಉಚಿತ. ರೋಗ ಉಲ್ಬಣಿಸಿದ್ದರೆ ಆಸ್ಪತ್ರೆಯಲ್ಲಿ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಕೊಡುತ್ತಾರೆ. ಮಾಡುವ ಕೆಲಸವನ್ನು ವೈದ್ಯರಿಗೆ ಹೇಳುವುದು ರಕ್ತಪರೀಕ್ಷೆಯಷ್ಟೇ ಮುಖ್ಯ.

ಡಾಕ್ಸಿಸೈಕ್ಲಿನನ್ನು ರೋಗ ಬಾರದಂತೆ ತಡೆಯಲೂ ಬಳಸಿದ್ದಾರೆ. ಪನಾಮಾದ ಕಾಡಿನಲ್ಲಿ ತರಬೇತಿಯಲ್ಲಿದ್ದ ಅಮೆರಿಕದ ಸೈನಿಕರ ಮೇಲೆ ನಡೆದು 1984ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ರೋಗವನ್ನು ಬಹುಮಟ್ಟಿಗೆ ತಡೆಯಿತು. 2018ರ ನೆರೆಯಲ್ಲಿ ಕೇರಳ ಇದೇ ಮಾತ್ರೆಯನ್ನು ವ್ಯಾಪಕವಾಗಿ ಹಂಚಿತು. ವರ್ಷವೂ ನಾಲ್ಕು ತಿಂಗಳು ಕೆಸರಿನಲ್ಲಿರುವ ಕೂಲಿಕಾರರಿಗೆ ಅದು ಕಾಯಂ ಪರಿಹಾರವಾಗಲಾರದು. ಅವರಿಗೆ ಬೇಕಾದದ್ದು ಗಂಬೂಟು, ಗಾಯ ಮುಚ್ಚುವ ಪಟ್ಟಿ, ಅವರು ವಾಸಿಸುವ ಲೈನ್ ಮನೆಗಳ ಸುತ್ತ ಇಲಿಗಳ ಹತೋಟಿ. ಇವನ್ನು ಒದಗಿಸುವ ಹೊಣೆ ತೋಟದ ಮಾಲೀಕರದು.

ಲಸಿಕೆಯ ದಾರಿಯಲ್ಲಿರುವ ಅಡ್ಡಿಯೂ ಪ್ರತಿಕಾಯಕ್ಕೆ ಸಂಬಂಧಿಸಿದ್ದೇ. ಮನುಷ್ಯರನ್ನು ಕಾಯುವ ಪ್ರತಿಕಾಯಗಳು ಬಹುಪಾಲು ಗುರಿಯಿಡುವುದು ಲಿಪೊಪಾಲಿಸ್ಯಾಕರೈಡಿನ ಸಕ್ಕರೆಯ ಸರಪಳಿಯನ್ನು. ಆ ಸರಪಳಿಯ ವ್ಯತ್ಯಾಸದಿಂದಲೇ ಲೆಪ್ಟೊಸ್ಪೈರಾದಲ್ಲಿ 300ಕ್ಕೂ ಹೆಚ್ಚು ಸೀರೊವಾರ್‌ಗಳು, ಅಂದರೆ ಒಳಬಗೆಗಳು, ಆಗಿವೆ. ಒಂದರಿಂದ ಗುಣವಾದವರಿಗೆ ಮತ್ತೊಂದು ತಗಲಬಹುದು. ನಾಯಿ, ದನಗಳ ಲಸಿಕೆಗಳೂ, ಫ್ರಾನ್ಸ್, ಕ್ಯೂಬಾ, ಚೀನಾಗಳಲ್ಲಿ ಬಳಸಿದ ಮನುಷ್ಯರ ಲಸಿಕೆಗಳೂ ಆಯ್ದ ಕೆಲವು ಸೀರೊವಾರ್‌ಗಳಿಗಷ್ಟೇ ಸೀಮಿತ. 2021ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕೆ ಬೇರೆ ದಾರಿ ತೋರಿತು: ಚಲನಶಕ್ತಿ ಕಳೆದ ಜೀವಂತ ತಳಿಯನ್ನು ಒಂದೇ ಸಲ ಚುಚ್ಚಿದ ಹ್ಯಾಮ್‌ಸ್ಟರ್ ಮತ್ತು ಸುಂಡಿಲಿಗಳು ಬೇರೆ ಪ್ರಭೇದದ ಲೆಪ್ಟೊಸ್ಪೈರಾಗಳಿಂದಲೂ ಪಾರಾದವು. ಅವನ್ನು ಕಾಯ್ದದ್ದು ಪ್ರೋಟೀನುಗಳಿಗೆ ಅಂಟುವ ಪ್ರತಿಕಾಯಗಳು. ಆ ಪ್ರೋಟೀನುಗಳು ಪ್ರಭೇದದಿಂದ ಪ್ರಭೇದಕ್ಕೆ ಸಕ್ಕರೆಯ ಸರಪಳಿಯಷ್ಟು ಬದಲಾಗುವುದಿಲ್ಲ.