ದುರಸ್ತಿಯ ಹಕ್ಕು: ಚನ್ನರಾಯಪಟ್ಟಣ ಸೀಮೆಯಿಂದ ಕಂಡ ಚರಿತ್ರೆ

ದುಡ್ಡು ಕೊಟ್ಟು ಕೊಂಡ ವಸ್ತು ಕೆಟ್ಟಾಗ ಅದನ್ನು ತಾನೇ ಸರಿಮಾಡಿಕೊಳ್ಳಲು, ಅಥವಾ ತನಗೆ ನಂಬಿಕೆಯಿರುವವರ ಕೈಯಲ್ಲಿ ಮಾಡಿಸಿಕೊಳ್ಳಲು ಗ್ರಾಹಕನಿಗೆ ಇರಬೇಕಾದ ಅವಕಾಶಕ್ಕೆ ದುರಸ್ತಿಯ ಹಕ್ಕು ಎಂದು ಹೆಸರು. ಬಿಡಿಭಾಗ, ಸಲಕರಣೆ, ಕೈಪಿಡಿ, ಈಚಿನ ಯಂತ್ರಗಳಲ್ಲಾದರೆ ಸಾಫ್ಟ್‌ವೇರ್, ಇವು ತಯಾರಕರ ಮತ್ತು ಅವರ ಅಧಿಕೃತ ಸರ್ವಿಸ್ ಸೆಂಟರುಗಳ ಆಚೆಗೂ ನ್ಯಾಯವಾದ ಬೆಲೆಗೆ ಸಿಗಬೇಕೆಂಬುದು ಇದರ ತಿರುಳು. ಭಾರತದಲ್ಲಿ ಈ ಹೆಸರಿನ ಪ್ರತ್ಯೇಕ ಕಾಯಿದೆ ಇಲ್ಲ. ಆದರೆ ಹಕ್ಕಿನ ಮಾತು ಹುಟ್ಟುವುದಕ್ಕೆ ಬಹಳ ಮೊದಲೇ ರಿಪೇರಿಯ ರೂಢಿ ಇತ್ತು. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಸೀಮೆಯಲ್ಲಿ ಆ ರೂಢಿ ಇಂದಿಗೂ ಜೀವಂತವಾಗಿದೆ.

ಹಳೆಯ ಮೈಸೂರಿನ ಉಳಿದ ಕಡೆಗಳಂತೆ ಇಲ್ಲಿಯೂ ರಿಪೇರಿ ಮೊದಲಿಗೆ ಪೇಟೆಯ ವ್ಯವಹಾರ ಆಗಿರಲಿಲ್ಲ. ಕಮ್ಮಾರ, ಬಡಗಿ ಇಬ್ಬರೂ ಊರಿನ ಆಯಗಾರರು. ನೇಗಿಲಿನ ಕುಳ ಮೊಂಡಾದರೆ ಕುಲುಮೆಗೆ ಒಯ್ದು ತಟ್ಟಿಸಬೇಕು, ಗಾಡಿಯ ಗಾಲಿಗೆ ಪಟ್ಟಾ ಕಟ್ಟಿಸಬೇಕು, ಸುಗ್ಗಿಗೆ ಮುಂಚೆ ಕುಡುಗೋಲುಗಳನ್ನು ಹದ ಮಾಡಿಸಿಕೊಳ್ಳಬೇಕು. ಪ್ರತಿ ಕೆಲಸಕ್ಕೂ ಕಾಸು ಎಣಿಸುವ ಮಾತಿಲ್ಲ. ಕಣದಲ್ಲಿ ರಾಗಿ ತೂರಿದಾಗ ಅವರ ಪಾಲು ಅವರಿಗೆ ಹೋಗುತ್ತಿತ್ತು. ರಿಪೇರಿ ಮಾಡಿಸಿಕೊಳ್ಳುವುದು ರೈತನ ಹಕ್ಕು, ಮಾಡಿಕೊಡುವುದು ಕಮ್ಮಾರನ ಬಾಧ್ಯತೆ. ಆಗದು ಎನ್ನುವ ಅವಕಾಶ ಅವನಿಗೆ ಇರಲಿಲ್ಲ, ಜಾತಿಯ ಕಟ್ಟು ಬಿಟ್ಟು ಬೇರೆ ಕಸುಬು ಹಿಡಿಯುವ ದಾರಿಯೂ ಸುಲಭವಿರಲಿಲ್ಲ. ಹಾಗಾಗಿ ಇದನ್ನು ಚಿನ್ನದ ಕಾಲವೆಂದು ಹೊಗಳುವವರು ರೈತನ ಕಡೆಯಿಂದ ಮಾತ್ರ ನೋಡುತ್ತಿದ್ದಾರೆ ಎನ್ನಬೇಕಾಗುತ್ತದೆ. ಏನೇ ಆದರೂ ಆ ಕಾಲದ ಸರಕಿನಲ್ಲಿ ಗುಟ್ಟೆಂಬುದು ಇರಲಿಲ್ಲ. ಮಾಡಿದವನೇ ಅದನ್ನು ಬಿಚ್ಚುತ್ತಿದ್ದ.

ಕಾರ್ಖಾನೆಯ ಸರಕು ಹಳ್ಳಿಗೆ ಬಂದ ಮೇಲೆ ಮಾಡುವವನು ಒಬ್ಬ, ರಿಪೇರಿಯವನು ಇನ್ನೊಬ್ಬ ಎಂದಾಯಿತು. ಆದರೂ ಆ ಯಂತ್ರಗಳ ಮೊದಲ ತಲೆಮಾರು ಬಿಚ್ಚಿ ಕಟ್ಟುವುದಕ್ಕೆ ಬಗ್ಗುತ್ತಿತ್ತು. 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಮುಂದೆ ಯೆಜ್ಡಿ ಮೋಟಾರ್‌ಸೈಕಲ್ಲು ಇದಕ್ಕೆ ಒಳ್ಳೆಯ ಉದಾಹರಣೆ. ಕಿಕ್ ಹೊಡೆಯುವುದೂ ಗೇರು ಬದಲಿಸುವುದೂ ಒಂದೇ ಲಿವರಿನಿಂದ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ವಾಲ್ವುಗಳ ರಗಳೆ ಇಲ್ಲ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿದ ಮೇಲೂ ಗಾಡಿಗಳು ಓಡುತ್ತಲೇ ಇದ್ದವು, ಏಕೆಂದರೆ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪುಗಳೂ ಅವನ್ನು ಕೂರಿಸಬಲ್ಲ ಮೆಕ್ಯಾನಿಕ್‌ಗಳೂ ಉಳಿದಿದ್ದರು. ಬೆಂಗಳೂರು, ತುಮಕೂರುಗಳಲ್ಲಿ ತಯಾರಾಗುತ್ತಿದ್ದ ಎಚ್‌ಎಂಟಿ ಕೈಗಡಿಯಾರಗಳ ಕತೆಯೂ ಹೆಚ್ಚುಕಡಿಮೆ ಇದೇ. 2016ರಲ್ಲಿ ಕೈಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ನಿರ್ಧರಿಸಿತು; ಕೀ ಕೊಡುವ ಎಚ್‌ಎಂಟಿಗಳು ಆಮೇಲೂ ರಿಪೇರಿಯವರ ಮೇಜಿನ ಮೇಲೆ ತೆರೆದುಕೊಳ್ಳುತ್ತಿವೆ.

ಚನ್ನರಾಯಪಟ್ಟಣದ ಮಟ್ಟಿಗೆ ಈ ಚರಿತ್ರೆಯ ನಡುಮನೆ ಮೋಟಾರು ವೈಂಡಿಂಗ್ ಅಂಗಡಿ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದು ನಾಲೆಯ ನೀರು ತಾಲ್ಲೂಕಿನ ಕೆಲವು ಭಾಗಕ್ಕೆ ಬಂದರೂ, ತೆಂಗಿನ ತೋಟಗಳು ಬಹುಪಾಲು ಕೊಳವೆಬಾವಿಯನ್ನೇ ನೆಚ್ಚಿವೆ. ಮೂರು ಫೇಸ್ ಕರೆಂಟು ನಿಗದಿತ ಗಂಟೆಗಳಲ್ಲಷ್ಟೇ ಬರುತ್ತದೆ. ಆಗ ಎಲ್ಲರ ಪಂಪೂ ಒಟ್ಟಿಗೆ ಓಡುವುದರಿಂದ ವೋಲ್ಟೇಜ್ ಕುಸಿಯುತ್ತದೆ, ಒಂದು ಫೇಸ್ ಹೋದದ್ದು ತಿಳಿಯದೆ ಮೋಟಾರು ಓಡಿಬಿಡುತ್ತದೆ, ವೈಂಡಿಂಗ್ ಸುಟ್ಟುಹೋಗುತ್ತದೆ. ಪೈಪಿನ ಸಮೇತ ಮೋಟಾರು ಎತ್ತಿಸಿ, ಗಾಡಿಗೆ ಹಾಕಿಕೊಂಡು ಪೇಟೆಗೆ ತಂದರೆ ಮುಂದಿನ ಕೆಲಸ ಅಂಗಡಿಯದು.

ಅಲ್ಲಿ ಮೊದಲು ಸುಟ್ಟ ತಂತಿಯನ್ನು ಕತ್ತರಿಸಿ ಎಳೆಯುತ್ತಾರೆ, ಆದರೆ ಎಸೆಯುವುದಿಲ್ಲ. ಸ್ಟೇಟರಿನ, ಅಂದರೆ ಮೋಟಾರಿನ ತಿರುಗದ ಭಾಗದ, ಒಂದು ಸೀಳಿನಲ್ಲಿ ಎಷ್ಟು ಸುತ್ತು ಇತ್ತು, ತಂತಿ ಯಾವ ಗೇಜಿನದು, ಕಾಯಿಲ್ ಎಲ್ಲಿ ಹೊಕ್ಕು ಎಲ್ಲಿ ಹೊರಟಿದೆ ಎಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಮೋಟಾರಿನ ಮೇಲಿನ ತಗಡಿನಲ್ಲಿ ಎಚ್‌ಪಿ, ವೋಲ್ಟೇಜ್, ಆಂಪಿಯರ್ ಇರುತ್ತವೆಯೇ ಹೊರತು ಈ ಲೆಕ್ಕ ಇರುವುದಿಲ್ಲ. ಹೀಗೆ ಒಂದೊಂದಾಗಿ ಕೂಡಿದ ನೋಟ್‌ಬುಕ್ಕೇ ಅಂಗಡಿಯ ಆಸ್ತಿ. ಕೊಳವೆಬಾವಿಯೊಳಗೆ ಇಳಿಸುವ ಸಬ್‌ಮರ್ಸಿಬಲ್ ಮೋಟಾರು ನೀರು ತುಂಬಿಕೊಂಡೇ ಓಡುವಂಥದ್ದು. ಆದ್ದರಿಂದ ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿಯನ್ನು ಒಂದೊಂದೇ ಎಳೆಯಾಗಿ ಸೇರಿಸಬೇಕು, ಹೊದಿಕೆ ಎಲ್ಲೂ ಗೀರಬಾರದು. ಬುಷ್, ಬೇರಿಂಗ್ ಸವೆದಿದ್ದರೆ ಅದೂ ಬದಲು. ಜಗತ್ತಿನ ದುರಸ್ತಿ ಹೋರಾಟಗಾರರು ಇಂದು ಕಂಪನಿಗಳಿಂದ ಕೇಳುತ್ತಿರುವ ತಾಂತ್ರಿಕ ಮಾಹಿತಿಯನ್ನು ಇಲ್ಲಿನವರು ಯಾರನ್ನೂ ಕೇಳದೆ ಸುಟ್ಟ ತಂತಿಯಿಂದಲೇ ಓದಿಕೊಂಡರು.

ಈ ಉಪಾಯ ನಡೆಯದ ಕಡೆ ಹಕ್ಕಿನ ಪ್ರಶ್ನೆ ಏಳುತ್ತದೆ. 2019ರಲ್ಲಿ ಬಂದ ಪಿಎಂ-ಕುಸುಮ್ ಯೋಜನೆಯ ಸೌರ ಪಂಪಿನಲ್ಲಿ ಮೋಟಾರಿನ ಜೊತೆಗೆ ಒಂದು ಕಂಟ್ರೋಲರ್ ಇರುತ್ತದೆ. ಅದರೊಳಗಿನ ಪ್ರೋಗ್ರಾಂ ವೈಂಡಿಂಗ್ ಅಂಗಡಿಯ ಎಣಿಕೆಗೆ ಸಿಗುವಂಥದ್ದಲ್ಲ. ವಾರಂಟಿಯ ಅವಧಿ ಇರುವವರೆಗೆ ಕಂಪನಿಯವರು ಬರಬೇಕು. ಅದು ಮುಗಿದ ಮೇಲೆ ಯಾರು ಎಂಬುದೇ ರೈತನ ಚಿಂತೆ. ಟ್ರ್ಯಾಕ್ಟರು, ಟಿಲ್ಲರುಗಳಲ್ಲಿ ಇನ್ನೂ ಊರ ಮೆಕ್ಯಾನಿಕ್ಕಿನ ಕೈ ನಡೆಯುತ್ತದೆ. ಮೊಬೈಲ್ ಅಂಗಡಿಗಳ ಪಾಡು ಬೇರೆ. ಡಿಸ್‌ಪ್ಲೇ, ಚಾರ್ಜಿಂಗ್ ಪಿನ್, ಬ್ಯಾಟರಿ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬರುತ್ತವೆ; ಒರಿಜಿನಲ್ಲೋ ಡೂಪ್ಲಿಕೇಟೋ ಎಂಬುದು ಅಂಗಡಿಯವನ ಮಾತಿನ ಮೇಲೆ ನಿಂತಿರುತ್ತದೆ. ಕೆಲವು ದುಬಾರಿ ಫೋನುಗಳಲ್ಲಂತೂ ಅಸಲಿ ಭಾಗವನ್ನೇ ಹಾಕಿದರೂ ಸಾಫ್ಟ್‌ವೇರ್ ಅದನ್ನು ಗುರುತಿಸದೆ ಎಚ್ಚರಿಕೆ ತೋರಿಸುತ್ತದೆ. ಕಳಪೆ ಬ್ಯಾಟರಿಯಿಂದ ಅಪಾಯವಿದೆ ಎಂಬ ಕಂಪನಿಗಳ ವಾದ ಸುಳ್ಳಲ್ಲ. ಆದರೆ ಅಸಲಿ ಭಾಗ ಹೊರಗಿನವರಿಗೆ ಮಾರದಿದ್ದರೆ ನಕಲಿಗೆ ದಾರಿ ಮಾಡಿಕೊಟ್ಟವರು ಯಾರು?

ಕಾನೂನಿನ ಕಡೆಯಿಂದ ನೋಡಿದರೆ, 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ದೋಷಯುಕ್ತ ಸರಕು ಮತ್ತು ಸೇವಾ ನ್ಯೂನತೆಗೆ ಪರಿಹಾರ ಕೇಳುವ ದಾರಿ ತೆರೆಯಿತು, ದುರಸ್ತಿಯ ಹೆಸರೆತ್ತಲಿಲ್ಲ. ನಿಜವಾದ ತಿರುವು ಬಂದದ್ದು ಸ್ಪರ್ಧಾ ಕಾನೂನಿನಿಂದ. ಕಾರು ಕಂಪನಿಗಳು ಬಿಡಿಭಾಗಗಳನ್ನು ತಮ್ಮ ಡೀಲರುಗಳಿಗೆ ಮಾತ್ರ ಕೊಡುತ್ತವೆಂದು ಗ್ರಾಹಕರೊಬ್ಬರು ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2011ರಲ್ಲಿ ತನಿಖೆ ಆರಂಭಿಸಿ, 2014ರ ಆಗಸ್ಟ್ 25ರಂದು 14 ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡಬೇಕು, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಮಾಡಬಾರದು ಎಂದೂ ಆದೇಶಿಸಿತು. ಕಂಪನಿಗಳು ಕೋರ್ಟುಗಳ ಮೆಟ್ಟಿಲೇರಿದವು. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ತನ್ನ ಮುಂದಿದ್ದ ಮೂರು ಕಂಪನಿಗಳ ವಿಷಯದಲ್ಲಿ ತಪ್ಪು ನಡೆದಿದೆ ಎಂಬ ತೀರ್ಮಾನವನ್ನು ಎತ್ತಿಹಿಡಿದು ದಂಡವನ್ನು ಇಳಿಸಿತು. ಆದೇಶ ದೊಡ್ಡದು, ವಸೂಲಿ ನಿಧಾನ.

ಹೊರದೇಶಗಳಲ್ಲಿ ದುರಸ್ತಿಯ ಹಕ್ಕು ಶಾಸನದ ರೂಪ ಪಡೆಯುತ್ತಿದ್ದ ಕಾಲವೂ ಅದೇ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲಿ ವಾಹನಗಳಿಗೆ, ನ್ಯೂಯಾರ್ಕ್ 2022ರಲ್ಲಿ ಎಲೆಕ್ಟ್ರಾನಿಕ್ ಸಾಮಾನುಗಳಿಗೆ ಕಾಯಿದೆ ಮಾಡಿದವು. ಜಾನ್ ಡಿಯರ್ ಟ್ರ್ಯಾಕ್ಟರಿನ ಸಾಫ್ಟ್‌ವೇರ್ ಬೀಗದ ವಿರುದ್ಧ ಅಲ್ಲಿನ ರೈತರೇ ಎದ್ದರು. ಫ್ರಾನ್ಸ್ 2021ರಲ್ಲಿ ಫೋನು, ವಾಷಿಂಗ್ ಮೆಷಿನ್‌ಗಳ ಮೇಲೆ ದುರಸ್ತಿ ಅಂಕ ಅಚ್ಚು ಹಾಕಿಸಲು ಆರಂಭಿಸಿತು. ಐರೋಪ್ಯ ಒಕ್ಕೂಟ 2024ರಲ್ಲಿ ಇದೇ ಹಕ್ಕಿನ ನಿರ್ದೇಶನ ಹೊರಡಿಸಿತು.

ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂತು. 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ತನ್ನ ಹಿರಿಯ ಅಧಿಕಾರಿ ನಿಧಿ ಖರೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿ ಕೃಷಿ ಯಂತ್ರ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ಉಪಕರಣ, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಆರಿಸಿತು. ಕೃಷಿ ಯಂತ್ರಕ್ಕೆ ಅದರಲ್ಲಿ ಸ್ಥಾನ ಸಿಕ್ಕಿದ್ದು ಹಾಸನದಂಥ ಜಿಲ್ಲೆಗೆ ಮುಖ್ಯ. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ದುರಸ್ತಿ ಹಕ್ಕಿನ ಪೋರ್ಟಲ್ ಆರಂಭವಾಯಿತು. ಕಂಪನಿಗಳು ಅದಕ್ಕೆ ಸೇರುವುದು ಸ್ವಇಚ್ಛೆಯಿಂದ, ಸೇರದಿದ್ದರೆ ದಂಡವಿಲ್ಲ. 2025ರ ಮೇ ತಿಂಗಳಲ್ಲಿ ಇನ್ನೊಂದು ಸಮಿತಿ ದುರಸ್ತಿ ಸೂಚ್ಯಂಕದ ವರದಿ ಒಪ್ಪಿಸಿತು: ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಎಷ್ಟು ಬೇಗ ಸಿಗುತ್ತದೆ, ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ಕಾಲ ಎಂಬುದನ್ನೆಲ್ಲ ನೋಡಿ ಸ್ಮಾರ್ಟ್‌ಫೋನು, ಟ್ಯಾಬ್ಲೆಟ್‌ಗಳಿಗೆ ಮೊದಲು ಅಂಕ ಕೊಡಬೇಕೆಂದು. ಪಂಪು, ಟಿಲ್ಲರುಗಳ ಸರದಿ ಆಮೇಲೆ. ಹಳ್ಳಿಯ ಆದ್ಯತೆಗೆ ಇದು ತಿರುವುಮುರುವು.

ನಗರದಲ್ಲಿ ರಿಪೇರಿಯ ರೂಢಿ ತಪ್ಪಿಹೋದವರು ಅದನ್ನು ಮತ್ತೆ ಕಲಿಯುವ ಯತ್ನವೂ ನಡೆದಿದೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ, ಜನ ಕೂಡಿ ಕೆಟ್ಟ ಸಾಮಾನು ಸರಿಮಾಡಿಕೊಳ್ಳುವ ರಿಪೇರ್ ಕೆಫೆಯ ಮಾದರಿಯಲ್ಲಿ 2015ರಲ್ಲಿ ಪೂರ್ಣಾ ಸರ್ಕಾರ್, ಅಂತರಾ ಮುಖರ್ಜಿ ಬೆಂಗಳೂರಿನಲ್ಲಿ ಒಂದನ್ನು ಆರಂಭಿಸಿದರು.

ಪ್ರತ್ಯೇಕ ಕಾಯಿದೆ ಇಲ್ಲದ್ದರಿಂದ ಬಿಡಿಭಾಗ ಕೊಡದ, ವಾರಂಟಿ ನಿರಾಕರಿಸಿದ ಕಂಪನಿಯ ಮೇಲೆ ಇಂದಿಗೂ ಸೇವಾ ನ್ಯೂನತೆಯ ದೂರೇ ಗತಿ. ಸ್ವಂತ ದುಡಿಮೆಗೆಂದು ಕೊಂಡ ಯಂತ್ರ ವಾಣಿಜ್ಯ ಬಳಕೆಯದಲ್ಲವೆಂದು ಕಾಯಿದೆಯೇ ಹೇಳುತ್ತದೆ. ರೈತರೂ ಗ್ರಾಹಕರೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಬೀಜ ನಿಗಮದ ಪ್ರಕರಣದಲ್ಲಿ ತೀರ್ಮಾನಿಸಿದೆ. ಕಂಪನಿಯ ಕಚೇರಿ ಎಲ್ಲೇ ಇದ್ದರೂ ದೂರುದಾರ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದೆಂಬುದು 2019ರ ಕಾಯಿದೆಯ ಅನುಕೂಲ. ಹಾಗಾಗಿ ಚನ್ನರಾಯಪಟ್ಟಣದವರು ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿಯೂ ದೂರು ದಾಖಲಿಸಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಆಯೋಗದಲ್ಲಿ ಶುಲ್ಕವಿಲ್ಲ. ದೂರಿಗೆ ಕಾರಣ ಉಂಟಾದ 2 ವರ್ಷದೊಳಗೆ ಅರ್ಜಿ ಸಲ್ಲಿಸಬೇಕು, ಜೊತೆಗೆ ಕೊಂಡ ಬಿಲ್ಲು ಮತ್ತು ವಾರಂಟಿ ಕಾರ್ಡು ಇರಬೇಕು.