ಅಕೌಂಟಿಂಗ್ ತಂತ್ರಾಂಶವನ್ನು ಹೊಸ ಆವೃತ್ತಿಗೆ ಬದಲಿಸಿದರೆ ಹಳೆಯ ಲೆಕ್ಕ ಅಳಿಸಿಹೋಗುತ್ತದೆಯೇ?

ಅಂಗಡಿ, ಕಾರ್ಖಾನೆ, ಸಣ್ಣ ಕಂಪನಿಗಳ ಲೆಕ್ಕದ ಕೋಣೆಯಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ಟ್ಯಾಲಿ ಅಪ್‌ಡೇಟ್ ಮಾಡೋಕೆ ಹೋಗಬೇಡಿ, ಹಳೇ ಡೇಟಾ ಎಲ್ಲಾ ಹೋಗಿಬಿಡುತ್ತೆ." ಹೊಸದನ್ನು ಹಾಕಿಸಲು ಮಾಲೀಕರು ಹಿಂಜರಿಯುತ್ತಾರೆ. ಏನಾದರೂ ಹೆಚ್ಚುಕಡಿಮೆಯಾದರೆ ಬೈಗುಳ ತಮಗೇ ಎಂದು ಅಕೌಂಟೆಂಟ್ ಹೆದರುತ್ತಾರೆ. ಹೀಗೆ ವರ್ಷಗಳು ಉರುಳುತ್ತವೆ. ಈ ಭಯದಲ್ಲಿ ಎಷ್ಟು ನಿಜ, ಎಷ್ಟು ತಪ್ಪು ತಿಳಿವಳಿಕೆ? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ, ಆವೃತ್ತಿ ಬದಲಾದ ಮಾತ್ರಕ್ಕೆ ಲೆಕ್ಕ ಅಳಿಸಿಹೋಗುವುದಿಲ್ಲ. ಪರೀಕ್ಷಿಸದ ಬ್ಯಾಕಪ್, ಅವಸರ ಮತ್ತು ತಾಳೆ ನೋಡದಿರುವುದು, ಈ ಮೂರೂ ಸೇರಿದಾಗ ಲೆಕ್ಕ ಕೈತಪ್ಪುತ್ತದೆ.

ಆವೃತ್ತಿ ಬದಲಾದಾಗ ಏನು ಬದಲಾಗುತ್ತದೆ?

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಟ್ಯಾಲಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಆರಂಭಿಸಿದ ಈ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. 2009ರಲ್ಲಿ ಟ್ಯಾಲಿ ಇಆರ್‌ಪಿ 9 ಬಂತು, 2020ರ ನವೆಂಬರ್‌ನಲ್ಲಿ ಟ್ಯಾಲಿ ಪ್ರೈಮ್.

ಇಲ್ಲಿ ಎರಡು ವಸ್ತುಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು ತಂತ್ರಾಂಶ, ಇನ್ನೊಂದು ನಿಮ್ಮ ಡೇಟಾ. ತಂತ್ರಾಂಶವನ್ನು ಪೆನ್ನು ಎಂದುಕೊಳ್ಳಿ, ಡೇಟಾವನ್ನು ಲೆಕ್ಕದ ಪುಸ್ತಕ ಎಂದುಕೊಳ್ಳಿ. ಡೇಟಾ ಕಂಪ್ಯೂಟರಿನ ಬೇರೊಂದು ಫೋಲ್ಡರ್‌ನಲ್ಲಿ ಇರುತ್ತದೆ. ಪೆನ್ನು ಬದಲಿಸಿದರೆ ಪುಸ್ತಕ ಹರಿಯುವುದಿಲ್ಲ.

ಆದರೆ ಕೆಲವೊಮ್ಮೆ ಹೊಸ ಆವೃತ್ತಿಗೆ ಪುಸ್ತಕದ ಗೆರೆಗಳೂ ಹೊಸದಾಗಿ ಬೇಕಾಗುತ್ತವೆ. ಇಆರ್‌ಪಿ 9ರಿಂದ ಪ್ರೈಮ್‌ನ ಮೊದಲ ಬಿಡುಗಡೆಗೆ ಹೋದವರು ಅದೇ ಡೇಟಾವನ್ನು ನೇರವಾಗಿ ತೆರೆಯಬಹುದಿತ್ತು. 2023ರಲ್ಲಿ ಬಂದ ಪ್ರೈಮ್ 3.0ರಲ್ಲಿ ಜಿಎಸ್‌ಟಿ ವಿವರಗಳನ್ನು ಇಡುವ ರೀತಿಯೇ ಬದಲಾಯಿತು. ಹಾಗಾಗಿ ಹಳೆಯ ಡೇಟಾವನ್ನು ಹೊಸ ರೂಪಕ್ಕೆ ಪರಿವರ್ತಿಸಬೇಕಾಯಿತು. ಹೀಗೆ ಒಮ್ಮೆ ಪರಿವರ್ತಿಸಿದ ಡೇಟಾ ಹಿಂದಿನ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಇದು ತಿಳಿಯದೆ ಮತ್ತೆ ಹಳೆಯ ಆವೃತ್ತಿಗೆ ಹೋಗಿ ನೋಡಿದವರಿಗೆ ಕಂಪನಿಯೇ ಕಾಣಿಸದಿದ್ದರೆ "ಡೇಟಾ ಹೋಯ್ತು" ಎನಿಸುವುದು ಸಹಜ. ಡೇಟಾ ಅಲ್ಲೇ ಇರುತ್ತದೆ, ಹಳೆಯ ತಂತ್ರಾಂಶಕ್ಕೆ ಅದನ್ನು ಓದಲು ಬರುವುದಿಲ್ಲ ಅಷ್ಟೆ.

ನಂಬಿಕೆ 1: ಹಳೆಯದು ಚೆನ್ನಾಗಿ ನಡೆಯುತ್ತಿದೆ, ಹೊಸದು ಯಾಕೆ?

ತಂತ್ರಾಂಶ ತೆರೆದುಕೊಳ್ಳುತ್ತದೆ, ಬಿಲ್ ಪ್ರಿಂಟ್ ಆಗುತ್ತದೆ, ನಿಜ. ಆದರೆ ಅದು ಇಂದಿನ ಕಾನೂನಿಗೆ ಹೊಂದುತ್ತದೆ ಎನ್ನಲು ಇಷ್ಟೇ ಸಾಕಾಗದು.

ತೆರಿಗೆ ದರ ಬದಲಾದರೆ ಹಳೆಯ ಆವೃತ್ತಿಯಲ್ಲೂ ಕೈಯಾರೆ ತಿದ್ದಬಹುದು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಅಂಥ ತಿದ್ದುಪಡಿ ಬೇಕಾಯಿತು. ಆದರೆ ರಿಟರ್ನ್ ನಮೂನೆ ಬದಲಾದರೆ ಅಥವಾ ಇ-ಇನ್‌ವಾಯ್ಸ್ ಕಡ್ಡಾಯವಾದರೆ ಬರೀ ದರ ತಿದ್ದಿ ಪಾರಾಗಲು ಆಗದು. ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ ₹500 ಕೋಟಿ ಮೀರಿದ ವಹಿವಾಟಿನವರಿಗೆ ಮಾತ್ರ ಇತ್ತು. 2023ರ ಆಗಸ್ಟ್ 1ರಿಂದ ₹5 ಕೋಟಿ ಮೀರಿದವರಿಗೂ ಬಂತು.

ಇನ್ನೊಂದು ನಿಯಮ ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಗಳಿಗೆ ಸಂಬಂಧಿಸಿದ್ದು. 2023ರ ಏಪ್ರಿಲ್ 1ರಿಂದ ಅವು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ವಹಿವಾಟಿನ ತಿದ್ದುಪಡಿಯ ಜಾಡು ಉಳಿಯಬೇಕು. ಆ ಜಾಡನ್ನು ಆಫ್ ಮಾಡುವಂತಿರಬಾರದು. ಆಡಿಟರ್ ತಮ್ಮ ವರದಿಯಲ್ಲಿ ಈ ಬಗ್ಗೆ ಬರೆಯಲೇಬೇಕು. ಈ ಸೌಲಭ್ಯವಿಲ್ಲದ ಹಳೆಯ ಆವೃತ್ತಿಯಲ್ಲಿ ಮುಂದುವರಿಯುವ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಇದು ನೇರ ತೊಂದರೆ. ಒಬ್ಬರೇ ಮಾಲೀಕರಿರುವ ಅಂಗಡಿಗೆ ಅಥವಾ ಪಾಲುದಾರಿಕೆ ಸಂಸ್ಥೆಗೆ ಈ ನಿಯಮ ಅನ್ವಯಿಸುವುದಿಲ್ಲ.

ನಂಬಿಕೆ 2: ಪೆನ್‌ಡ್ರೈವ್‌ನಲ್ಲಿ ಕಾಪಿ ಇದೆ, ಚಿಂತೆಯಿಲ್ಲ

ಬ್ಯಾಕಪ್ ಇದೆಯೇ ಎಂದು ಕೇಳಿದರೆ ಸಾಲದು, ಅದು ತೆರೆಯುತ್ತದೆಯೇ ಎಂದೂ ನೋಡಬೇಕು. ಪೆನ್‌ಡ್ರೈವ್ ಕೆಟ್ಟಿರಬಹುದು, ಕಾಪಿ ಅರ್ಧಕ್ಕೆ ನಿಂತಿರಬಹುದು, ಕಳೆದ ವರ್ಷದ ಕಂಪನಿಯ ಬ್ಯಾಕಪ್ ಮಾತ್ರ ಇರಬಹುದು. ಬ್ಯಾಕಪ್ ತೆಗೆದ ದಿನವೇ ಅದನ್ನು ಬೇರೊಂದು ಖಾಲಿ ಫೋಲ್ಡರ್‌ಗೆ, ಸಾಧ್ಯವಾದರೆ ಬೇರೆ ಕಂಪ್ಯೂಟರ್‌ಗೆ ರಿಸ್ಟೋರ್ ಮಾಡಿ ಕೊನೆಯ ವೋಚರ್ ಕಾಣುತ್ತದೆಯೇ ಎಂದು ನೋಡಿ.

"ಖಾಲಿ ಫೋಲ್ಡರ್" ಎನ್ನುವುದಕ್ಕೆ ಕಾರಣವಿದೆ. ಚಾಲ್ತಿಯಲ್ಲಿರುವ ಡೇಟಾ ಇರುವ ಜಾಗಕ್ಕೇ ಹಳೆಯ ಬ್ಯಾಕಪ್ ರಿಸ್ಟೋರ್ ಮಾಡಿದರೆ ಹೊಸ ನಮೂದುಗಳ ಮೇಲೆ ಹಳೆಯದು ಕೂರುತ್ತದೆ. ಆಗ ಡೇಟಾ ನಿಜವಾಗಿಯೂ ಹೋಗುತ್ತದೆ. ಆ ತಪ್ಪು ಹೊಸ ಆವೃತ್ತಿಯದ್ದಲ್ಲ, ನಮ್ಮ ಕೈಯದ್ದು.

ಹೊಸ ಆವೃತ್ತಿಗೆ ಹೋದ ಮೇಲೆ ಹಳೆಯ ಬ್ಯಾಕಪ್ ಅಳಿಸಲೂಬಾರದು. ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕದ ಪುಸ್ತಕಗಳನ್ನು ಕನಿಷ್ಠ 8 ಆರ್ಥಿಕ ವರ್ಷ ಉಳಿಸಿಕೊಳ್ಳಬೇಕು. ಜಿಎಸ್‌ಟಿ ಕಾನೂನಿನಲ್ಲಿ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು.

ನಂಬಿಕೆ 3: ಟ್ರಯಲ್ ಬ್ಯಾಲೆನ್ಸ್ ತಾಳೆಯಾಯಿತು, ಕೆಲಸ ಮುಗಿಯಿತು

ಇದು ಅನುಭವಿಗಳೂ ಮಾಡುವ ತಪ್ಪು. ದಾವಣಗೆರೆಯ ಒಂದು ಸಗಟು ಬಟ್ಟೆ ಅಂಗಡಿಯನ್ನು ಊಹಿಸಿಕೊಳ್ಳೋಣ. ಡೇಟಾ ಪರಿವರ್ತನೆಯಲ್ಲಿ ₹50,000 ಮೊತ್ತದ ಒಂದು ಮಾರಾಟದ ವೋಚರ್ ಬಿಟ್ಟುಹೋಯಿತು ಎನ್ನೋಣ. ಜೋಡಿ ನಮೂದಿನ ಪದ್ಧತಿಯಲ್ಲಿ ಡೆಬಿಟ್ ಬದಿಯಿಂದ ಎಷ್ಟು ಹೋಯಿತೋ ಕ್ರೆಡಿಟ್ ಬದಿಯಿಂದಲೂ ಅಷ್ಟೇ ಹೋಗುತ್ತದೆ. ಎರಡೂ ಬದಿಯ ಮೊತ್ತ ಮತ್ತೆ ಸಮವಾಗಿಯೇ ಇರುತ್ತದೆ! ಗಿರಾಕಿಯ ಬಾಕಿ ಮಾತ್ರ ₹50,000 ಕಡಿಮೆಯಾಗಿರುತ್ತದೆ. ಯಾರೂ ಅದನ್ನು ಕೇಳುವುದಿಲ್ಲ, ಗಿರಾಕಿಯಂತೂ ತಾನಾಗಿ ಹೇಳುವುದಿಲ್ಲ.

ಆದ್ದರಿಂದ ಹಳೆಯ ಆವೃತ್ತಿಯಲ್ಲೇ ಕೆಲವು ವರದಿಗಳನ್ನು ಒಂದೇ ದಿನಾಂಕಕ್ಕೆ ಪ್ರಿಂಟ್ ತೆಗೆದಿಟ್ಟು, ಹೊಸದರಲ್ಲಿ ಅವನ್ನೇ ತೆರೆದು ಸಾಲುಸಾಲಾಗಿ ಹೋಲಿಸಬೇಕು:

- ಪ್ರತಿ ಲೆಡ್ಜರ್‌ನ ಬಾಕಿಯೊಂದಿಗೆ ಟ್ರಯಲ್ ಬ್ಯಾಲೆನ್ಸ್
- ಬಿಲ್‌ವಾರು ಬರಬೇಕಾದ ಮತ್ತು ಕೊಡಬೇಕಾದ ಬಾಕಿ
- ಸ್ಟಾಕ್ ಸಮ್ಮರಿಯಲ್ಲಿ ಪ್ರಮಾಣ ಮತ್ತು ಮೌಲ್ಯ ಎರಡೂ
- ಕಳೆದ ತಿಂಗಳ ಜಿಎಸ್‌ಟಿ ವರದಿಗಳು
- ಟ್ಯಾಲಿಯ ಸ್ಟ್ಯಾಟಿಸ್ಟಿಕ್ಸ್ ವರದಿ

ಕೊನೆಯದನ್ನು ಬಹಳ ಮಂದಿ ತೆರೆದೇ ನೋಡಿರುವುದಿಲ್ಲ. ಪ್ರತಿ ಬಗೆಯ ವೋಚರ್ ಎಷ್ಟಿವೆ, ಲೆಡ್ಜರ್‌ಗಳು ಎಷ್ಟಿವೆ ಎಂಬ ಎಣಿಕೆ ಅದರಲ್ಲಿ ಸಿಗುತ್ತದೆ. ಹಳೆಯದರಲ್ಲಿ 4,212 ಮಾರಾಟದ ವೋಚರ್ ಇದ್ದು ಹೊಸದರಲ್ಲಿ 4,211 ಕಂಡರೆ ಹುಡುಕಾಟ ಎಲ್ಲಿಂದ ಶುರುವಾಗಬೇಕೆಂದು ಗೊತ್ತಾಗುತ್ತದೆ.

ನಂಬಿಕೆ 4: ಏಪ್ರಿಲ್ 1ಕ್ಕೇ ಬದಲಿಸಬೇಕು

ಹೊಸ ವರ್ಷಕ್ಕೆ ಹೊಸ ಪುಸ್ತಕ ತೆರೆಯುವುದು ಕಾಗದದ ಕಾಲದ ರೂಢಿ. ತಂತ್ರಾಂಶಕ್ಕೆ ಆ ಕಟ್ಟಳೆಯಿಲ್ಲ. ಮಾರ್ಚ್ ಕೊನೆ, ಏಪ್ರಿಲ್ ಮೊದಲು ಎಂದರೆ ಲೆಕ್ಕದವರಿಗೆ ಉಸಿರಾಡಲೂ ಪುರುಸೊತ್ತಿಲ್ಲದ ಸಮಯ. ಆಗ ಕೈಹಾಕಿದರೆ ತಾಳೆ ನೋಡುವ ಕೆಲಸವೇ ಮೊದಲು ಬಿಟ್ಟುಹೋಗುತ್ತದೆ.

ತಿಂಗಳ ರಿಟರ್ನ್ ಸಲ್ಲಿಸುವವರಿಗೆ ಸಾಮಾನ್ಯವಾಗಿ 7ರಂದು ಟಿಡಿಎಸ್, 11ರಂದು ಜಿಎಸ್‌ಟಿಆರ್-1, 20ರಂದು ಜಿಎಸ್‌ಟಿಆರ್-3ಬಿ ಗಡುವು. 20 ಕಳೆದ ನಂತರದ ಮೊದಲ ಶನಿವಾರ ಸಂಜೆ ಅನುಕೂಲ. ಭಾನುವಾರ ಪೂರ್ತಿ ಪರಿಶೀಲನೆಗೆ ಸಿಗುತ್ತದೆ. ಒಂದೇ ಡೇಟಾ ಹಂಚಿಕೊಳ್ಳುವ ಎಲ್ಲ ಕಂಪ್ಯೂಟರ್‌ಗಳನ್ನೂ ಅಂದೇ ಬದಲಿಸಿ. ಟಿಡಿಎಲ್ ಹಾಕಿ ಮಾಡಿಸಿಕೊಂಡ ವಿಶೇಷ ಬಿಲ್ ನಮೂನೆಗಳಿದ್ದರೆ ಅವು ಹೊಸದರಲ್ಲಿ ಓಡುತ್ತವೆಯೇ ಎಂದು ಮೊದಲೇ ಒಂದು ನಕಲು ಡೇಟಾದ ಮೇಲೆ ಪರೀಕ್ಷಿಸಿ.

ನಂಬಿಕೆ 5: ಕೆಲಸವನ್ನೆಲ್ಲ ಮತ್ತೆ ಮೊದಲಿನಿಂದ ಕಲಿಯಬೇಕು

ಇಪ್ಪತ್ತು ವರ್ಷದಿಂದ ಕೀಬೋರ್ಡ್ ನೋಡದೆ ವೋಚರ್ ಹಾಕುವ ಹಿರಿಯರಿಗೆ ಇದೇ ದೊಡ್ಡ ಆತಂಕ. ಪ್ರೈಮ್‌ನಲ್ಲೂ ಎಫ್5 ಪೇಮೆಂಟ್, ಎಫ್6 ರಸೀದಿ, ಎಫ್8 ಮಾರಾಟ, ಎಫ್9 ಖರೀದಿಯೇ. ಕ್ರೆಡಿಟ್ ನೋಟ್ ಮಾತ್ರ ಕಂಟ್ರೋಲ್ ಎಫ್8ರಿಂದ ಆಲ್ಟ್ ಎಫ್6ಕ್ಕೆ ಹೋಗಿದೆ, ಡೆಬಿಟ್ ನೋಟ್ ಕಂಟ್ರೋಲ್ ಎಫ್9ರಿಂದ ಆಲ್ಟ್ ಎಫ್5ಕ್ಕೆ. ಯಾವ ವರದಿ ಎಲ್ಲಿದೆ ಎಂದು ತಿಳಿಯದಿದ್ದರೆ ಆಲ್ಟ್ ಜಿ ಒತ್ತಿ ಹೆಸರು ಟೈಪ್ ಮಾಡಿದರಾಯಿತು. ಬದಲಾದ ಕೀಲಿಗಳನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿಕೊಳ್ಳಿ, ಕೆಲವೇ ದಿನಗಳಲ್ಲಿ ಕೈಗೆ ರೂಢಿಯಾಗುತ್ತದೆ.

ಹಾಗಾದರೆ ಭಯಪಡುವುದೇ ತಪ್ಪೇ?

ಇಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಸಭೆ 2022ರ ಏಪ್ರಿಲ್‌ನಲ್ಲಿ ತನ್ನ ಹಳೆಯ ಎಸ್‌ಎಪಿ ವ್ಯವಸ್ಥೆ ಬಿಟ್ಟು ಒರಾಕಲ್‌ನ ಹೊಸ ವ್ಯವಸ್ಥೆಗೆ ಹೋಯಿತು. ಅದು ಆವೃತ್ತಿಯ ಬದಲಾವಣೆಯಲ್ಲ, ತಂತ್ರಾಂಶದ್ದೇ ಬದಲಾವಣೆ. ಆದರೂ ಪಾಠ ಒಂದೇ. ಹಳೆಯ ರೀತಿಗೆ ಹೊಂದುವಂತೆ ಹೊಸದನ್ನು ತಿದ್ದಲು ಹೋದರು, ಬ್ಯಾಂಕ್ ಲೆಕ್ಕ ತಾಳೆಯಾಗಲಿಲ್ಲ, ಸುಮಾರು 1.9 ಕೋಟಿ ಪೌಂಡ್ ಎಂದುಕೊಂಡಿದ್ದ ವೆಚ್ಚದ ಅಂದಾಜು 10 ಕೋಟಿ ಪೌಂಡ್ ದಾಟಿತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾಯಿತೆಂದರೆ ಎಚ್ಚರ ಬೇಕೇಬೇಕು. ಆದರೆ ಎಚ್ಚರವೆಂದರೆ ಮುಂದೂಡುವುದಲ್ಲ.

ಕೊನೆಯ ಮಾತು

"ಅಪ್‌ಡೇಟ್ ಮಾಡಿದರೆ ಡೇಟಾ ಹೋಗುತ್ತದೆ" ಎಂಬುದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ರಿಸ್ಟೋರ್ ಮಾಡಿ ನೋಡಿದ ಬ್ಯಾಕಪ್, ಕೈಯಲ್ಲಿ ಹಳೆಯ ವರದಿಗಳ ಪ್ರಿಂಟ್, ಎರಡು ದಿನದ ಬಿಡುವು ಇದ್ದರೆ ಹೆದರಬೇಕಿಲ್ಲ. ಮಾಲೀಕರಿಗೂ ಒಂದು ಮಾತು: ಆ ಎರಡು ದಿನ ಅಕೌಂಟೆಂಟ್‌ಗೆ ಬೇರೆ ಕೆಲಸ ಹೇಳಬೇಡಿ. ತಾಳೆ ನೋಡಿದ ಹಾಳೆಗಳ ಮೇಲೆ ದಿನಾಂಕ ಹಾಕಿ, ಇಬ್ಬರೂ ಸಹಿ ಮಾಡಿ ಫೈಲಿನಲ್ಲಿಡಿ. ಮುಂದೆ ಪ್ರಶ್ನೆ ಬಂದಾಗ ಬೈಗುಳದ ಬದಲು ಉತ್ತರ ಇರುತ್ತದೆ.