ಪತ್ತೇದಾರ ಕಲಿಸಿದ ಕನ್ನಡ

2019ರಲ್ಲಿ ‘ಬೆಲ್ ಬಾಟಮ್’ ಚಿತ್ರವನ್ನು ಮೊಮ್ಮಗನೊಡನೆ ಬೆಳುಗುಪ್ಪದಿಂದ ಬಳ್ಳಾರಿಗೆ ಹೋಗಿ ನೋಡಿದೆ. ಜಯತೀರ್ಥ ನಿರ್ದೇಶಿಸಿ, ರಿಷಬ್ ಶೆಟ್ಟಿ ನಟಿಸಿದ ಚಿತ್ರ, ಕತೆ ಟಿ.ಕೆ. ದಯಾನಂದ ಅವರದು. ಕಾಲ 1980ರ ದಶಕ. ಕಳವು ನಡೆಯುವುದು ಪೊಲೀಸ್ ಠಾಣೆಗಳಲ್ಲೇ! ಕಳ್ಳನ ಬೆನ್ನು ಹತ್ತುವವನು ದಿವಾಕರನೆಂಬ ಪೇದೆ. ಅಪ್ಪನ ಒತ್ತಾಯಕ್ಕೆ ಖಾಕಿ ತೊಟ್ಟವನು. ಪತ್ತೇದಾರಿ ಕಾದಂಬರಿಗಳನ್ನು ಓದಿ ಓದಿ ಮನಸ್ಸಿನಲ್ಲಿ ಪತ್ತೇದಾರನೇ ಆಗಿಹೋದವನು.

ಹೊರಗೆ ಬಂದಾಗ ಮೊಮ್ಮಗ ಪೋಸ್ಟರಿನತ್ತ ಕೈತೋರಿ, “ತಾತಾ, ಇದರಲ್ಲಿ ಏನು ಬರೆದಿದ್ದಾರೆ?” ಎಂದ. ಚಿತ್ರದ ಮಾತೆಲ್ಲ ಅವನಿಗೆ ತಿಳಿದಿತ್ತು. ಅಕ್ಷರ ಮಾತ್ರ ಬಾರದು.

ಕಾಸರಗೋಡಿನ ಬಂಧುಗಳಿಗೆ 1956ರ ನವೆಂಬರ್ 1 ಹೇಗೋ, ನಮ್ಮ ಕಡೆಯವರಿಗೆ 1953ರ ಅಕ್ಟೋಬರ್ 1 ಹಾಗೆ. ಅಂದು ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆಲೂರು, ಆದವಾನಿ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ನಾನು ಓದಿದ್ದು ತೆಲುಗು ಶಾಲೆಯಲ್ಲಿ. ಕನ್ನಡ ಮನೆಯ ಮಾತು, ಅಷ್ಟೆ.

ಅಕ್ಷರ ಕಲಿಸಿದವನು ಪತ್ತೇದಾರ ಪುರುಷೋತ್ತಮ. ಐನೂರಕ್ಕೂ ಮಿಕ್ಕಿ ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ನಾಯಕ ಅವನು. ಬಳ್ಳಾರಿಗೆ ಹೋದವರು ಬಸ್ ನಿಲ್ದಾಣದಲ್ಲಿ ಕೊಂಡು ತಂದ ಪುಸ್ತಕ ಹತ್ತು ಮನೆ ಸುತ್ತಿ, ರಟ್ಟು ಹರಿದು ನಮ್ಮಲ್ಲಿಗೆ ಬರುತ್ತಿತ್ತು. ತೆಲುಗು, ಕನ್ನಡ ಲಿಪಿಗಳಿಗೆ ಮೂಲ ಒಂದೇ. ತಲಕಟ್ಟಿನ ವ್ಯತ್ಯಾಸ ತಿಳಿದು, ಬೇರೆಯಾಗಿ ಕಾಣುವ ಕೆಲವು ಅಕ್ಷರಗಳನ್ನು ಅಜ್ಜಿಯಿಂದ ಕೇಳಿಕೊಂಡರೆ ಮುಗಿಯಿತು; ಉಳಿದುದನ್ನು ಕಳ್ಳ ಯಾರೆಂಬ ಕುತೂಹಲವೇ ಓದಿಸುತ್ತಿತ್ತು. ಅಪ್ಪ ಬೈಯುತ್ತಿದ್ದರು, ಆಮೇಲೆ ಅದನ್ನೇ ರಾತ್ರಿ ದೀಪದ ಬುಡದಲ್ಲಿ ತಾವೂ ಓದುತ್ತಿದ್ದರು. 1968ರಲ್ಲಿ ‘ಜೇಡರ ಬಲೆ’ ಬಂದು ರಾಜ್‌ಕುಮಾರ್ ಸಿಐಡಿ 999 ಆದಾಗ ನಮಗೆ ಅದು ಹೊಸ ಲೋಕವೆನಿಸಲಿಲ್ಲ. ಪುಸ್ತಕದಲ್ಲಿ ಆಗಲೇ ಅಲ್ಲಿಗೆ ಹೋಗಿ ಬಂದಿದ್ದೆವು.

ಸಾಹಿತ್ಯ ಚರಿತ್ರೆಗಳಲ್ಲಿ ಈ ಪುಸ್ತಕಗಳಿಗೆ ಸಿಕ್ಕಿದ್ದು ಬಾಗಿಲ ಹೊರಗಿನ ಜಾಗ. ಆದರೆ ಒಂದು ಸಂಗತಿ ನೆನೆಯಬೇಕು. ನಾವು ರಾಜ್ಯೋತ್ಸವದಂದು ಹಾರಿಸುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಕನ್ನಡಕ್ಕಾಗಿ ಬೀದಿಗಿಳಿದ ಅವರು ಓದುಗರನ್ನೂ ಕನ್ನಡಕ್ಕೆ ಎಳೆದು ತಂದರು. ಗಡಿಯಲ್ಲಿ ಭಾಷೆ ಉಳಿದದ್ದು ಠರಾವು, ಭಾಷಣಗಳಿಂದಷ್ಟೇ ಅಲ್ಲ. ಕೆಳಗಿಡಲಾಗದ ಅಗ್ಗದ ಪುಸ್ತಕದಿಂದಲೂ ಹೌದು. ಆ ಪುಸ್ತಕಗಳು ಮನೆಗೆ ಬರುವುದು ನಿಂತ ಮೇಲೆ ನಮ್ಮ ಮಕ್ಕಳಿಗೆ ಕನ್ನಡ ಕಿವಿಯಲ್ಲಿ ಉಳಿಯಿತು, ಕಣ್ಣಿನಿಂದ ಜಾರಿತು.

ಊರಿಗೆ ಮರಳಿ ಅಟ್ಟದಿಂದ ಹಳೆಯದೊಂದು ಕಾದಂಬರಿ ಇಳಿಸಿದೆ. ಮೊದಲ ಪುಟ ನಾನು ಓದಿದೆ, ಎರಡನೆಯದನ್ನು ಇಬ್ಬರೂ ಕೂಡಿ. ಈಗ ಅವನೊಬ್ಬನೇ ಬೆರಳಿಟ್ಟು ಓದುತ್ತಾನೆ. “ಕಳ್ಳ ಯಾರು, ತಾತಾ?” ಎಂದು ದಿನವೂ ಕೇಳುತ್ತಿದ್ದ. ನಾನು ಹೇಳಲಿಲ್ಲ.